ಮಾರಿಸನ್ನನ ಹೆಸರು ಹೊತ್ತ ಜಿಗ್ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಈಗ ನೀನು ಪಿಟೀಲಿನಲ್ಲಿ ಅಭ್ಯಾಸ ಮಾಡುತ್ತಿರುವ ‘ಮಾರಿಸನ್ಸ್ ಜಿಗ್’ ಎಂಬ ಐರಿಷ್ ಕುಣಿತದ ಮಟ್ಟು ಮಾರಿಸನ್ನನದೇ ರಚನೆಯೇ, ಅದರ ನಿಜವಾದ ಹೆಸರು ಯಾವುದು ಎಂದು ಕೇಳಿದ್ದೀಯೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ಅದು ಅವನ ರಚನೆಯಲ್ಲ. ಎರಡನೆಯದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗುತ್ತದೆ.

ಜೇಮ್ಸ್ ಮಾರಿಸನ್ 1893ರಲ್ಲಿ ಐರ್ಲೆಂಡಿನ ಸ್ಲೈಗೊ ಕೌಂಟಿಯಲ್ಲಿ ಹುಟ್ಟಿ, 1915ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ನ್ಯೂಯಾರ್ಕಿನಲ್ಲಿ ನೆಲೆನಿಂತ ಪಿಟೀಲು ವಾದಕ. ಅನೇಕರಿಗೆ ಸಂಗೀತ ಕಲಿಸಿದ್ದರಿಂದ ಜನ ಅವನನ್ನು ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಅವನ ಜೊತೆ ಅಕಾರ್ಡಿಯನ್ ನುಡಿಸುತ್ತಿದ್ದ ಟಾಮ್ ಕಾರ್ಮಡಿ ಎಂಬಾತ ಕೆರ್ರಿ ಕೌಂಟಿಯವನು. ತನ್ನ ತಂದೆ ಮಾರಿಸ್ ಕಾರ್ಮಡಿ ನುಡಿಸುತ್ತಿದ್ದ ಜಿಗ್ ಒಂದನ್ನು ಅವನು ಮಾರಿಸನ್ನನಿಗೆ ಕೇಳಿಸಿದ. ಕಾರ್ಮಡಿಯ ಮನೆಯಲ್ಲಿ ಅದಕ್ಕೆ ‘ಒಲೆಕಟ್ಟೆಯ ಮೇಲಿನ ಅಡ್ಡಕೋಲು’ ಎಂಬ ಅರ್ಥದ ಹೆಸರಿತ್ತು. ಮಾರಿಸನ್ ಅದನ್ನು ಕೂಡಲೇ ಬರೆದುಕೊಂಡು, 1936ರಲ್ಲಿ ಗ್ರಾಮಫೋನ್ ತಟ್ಟೆಗೆ ನುಡಿಸಿದ. ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಮಾರಿಸ್ ಕಾರ್ಮಡಿಸ್ ಫೇವರಿಟ್’. ಕೊಟ್ಟವನ ತಂದೆಯ ಹೆಸರನ್ನೇ ಮಟ್ಟಿಗಿಟ್ಟು ಮಾರಿಸನ್ ತನ್ನ ಪಾಲಿನ ನ್ಯಾಯವನ್ನು ಸಲ್ಲಿಸಿಯೇ ಇದ್ದ. ಆದರೆ ಆ ತಟ್ಟೆಯನ್ನು ಕೇಳಿ ಕಲಿತವರು ಮಟ್ಟಿನ ಹೆಸರನ್ನು ಮರೆತು, ನುಡಿಸಿದವನ ಹೆಸರನ್ನು ನೆನಪಿಟ್ಟುಕೊಂಡರು. ಹೀಗೆ ಒಂದು ಕುಟುಂಬದ ಆಸ್ತಿ ಇನ್ನೊಬ್ಬನ ಹೆಸರಿಗೆ ಖಾತೆಯಾಯಿತು. ನನ್ನನ್ನು ಕೇಳಿದರೆ, ಇದರಲ್ಲಿ ಮಾರಿಸನ್ನನ ತಪ್ಪು ಎಳ್ಳಷ್ಟೂ ಇಲ್ಲ.

ಈ ಸಂಗೀತದಲ್ಲಿ ಹೆಸರೆಂಬುದು ಮಟ್ಟಿಗೆ ಅಂಟಿಕೊಂಡೇ ಬರುವ ವಸ್ತುವಲ್ಲ. ಹಳ್ಳಿಯ ಅಡುಗೆಮನೆಗಳಲ್ಲಿ ಕುಣಿತಕ್ಕೆ ನುಡಿಸುವವನಿಗೆ ಹೆಸರಿನ ಅಗತ್ಯವೇ ಇರಲಿಲ್ಲ. ಹಾಳೆಯ ಮೇಲೆ ಅಥವಾ ತಟ್ಟೆಯ ಮೇಲೆ ಏನನ್ನಾದರೂ ಅಚ್ಚು ಹಾಕಲೇಬೇಕಾದ ಪ್ರಕಾಶಕರಿಗೆ, ಕಂಪನಿಯವರಿಗೆ ಅದು ಬೇಕಾಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಆ ಅವಧಿಯನ್ನು ತುಂಬಲು ವಾದಕರು ಎರಡು ಮೂರು ಮಟ್ಟುಗಳನ್ನು ಸಾಲಾಗಿ ನುಡಿಸುತ್ತಿದ್ದರು. ಸ್ಲೈಗೊದವನೇ ಆದ ಮೈಕಲ್ ಕೋಲ್‌ಮನ್ 1934ರಲ್ಲಿ ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್ ಎಂಬ ಮೂರು ರೀಲ್‌ಗಳನ್ನು (ಜಿಗ್ಗಿನಂತೆ ಇದೂ ಒಂದು ಬಗೆಯ ಕುಣಿತದ ಮಟ್ಟು) ಹಾಗೆ ಜೋಡಿಸಿ ನುಡಿಸಿದ. ಇಂದಿಗೂ ಮೊದಲನೆಯದು ಮುಗಿಯಿತೆಂದರೆ ಎರಡನೆಯದೇ ಬರಬೇಕೆಂದು ಕೂತವರ ಕೈ ತಾನಾಗಿ ಓಡುತ್ತದೆ. ಅಂದಹಾಗೆ, ಟಾರ್ಬೋಲ್ಟನ್ ಎಂಬುದು ಐರ್ಲೆಂಡಿನ ಊರೇ ಅಲ್ಲ. ಅದು ಇರುವುದು ಸ್ಕಾಟ್ಲೆಂಡಿನ ಏರ್‌ಷೈರ್‌ನಲ್ಲಿ.

ಆದ್ದರಿಂದ ಹೆಸರನ್ನು ಬದಿಗಿಟ್ಟು ಸ್ವರಗಳಿಂದಲೇ ಹುಡುಕಾಟವನ್ನು ಆರಂಭಿಸುವುದು ಲೇಸು. ನಿನ್ನ ಕೈಯಲ್ಲಿರುವ ಜಿಗ್ಗನ್ನೇ ತೆಗೆದುಕೋ. ಅದರ ನಡೆ ಮೂರು ಮೂರು ಸ್ವರಗಳ ಗುಂಪಿನದು. ಸ್ವರಗಳೋ ನಮ್ಮ ಖರಹರಪ್ರಿಯ ರಾಗದವು. ಷಡ್ಜದ ಮೇಲೊಂದು ಕಾರ್ವೆ (ಸ್ವರವನ್ನು ಎಳೆದು ನಿಲ್ಲಿಸುವುದು), ಪಂಚಮದ ಮೇಲೊಂದು ಕಾರ್ವೆ. ಆಮೇಲೆ ‘ಸಪಸ ಮರಿನಿ’ ಎಂದು ಮಂದ್ರ ನಿಷಾದಕ್ಕಿಳಿದು, ಮತ್ತೆ ಷಡ್ಜ ಪಂಚಮಗಳನ್ನು ಹಿಡಿದು, ‘ನಿದಪ ಮರಿನಿ’ ಎಂದು ಮಧ್ಯಸ್ಥಾಯಿಯ ನಿಷಾದದಿಂದ ಮಂದ್ರದ ನಿಷಾದದವರೆಗೆ ಜಾರುತ್ತದೆ. ಈ ನಾಲ್ಕು ಪಟ್ಟುಗಳು ಕಿವಿಯಲ್ಲಿ ಕೂತರೆ, ತಟ್ಟೆಯ ಮೇಲೆ ಏನೇ ಬರೆದಿರಲಿ, ಮಟ್ಟನ್ನು ಗುರುತಿಸುವುದು ಕಷ್ಟವಲ್ಲ. ಡಬ್ಲಿನ್ನಿನ ಬ್ರೆಂಡಾನ್ ಬ್ರಾನಾಕ್ ಎಂಬ ಸಂಗ್ರಾಹಕ, ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ, ಆರಂಭದ ಸ್ವರಗಳನ್ನು ಸಂಕೇತಗಳಾಗಿ ಬರೆದು ಸಾವಿರಾರು ಚೀಟಿಗಳ ಸೂಚಿಯನ್ನು ಕಟ್ಟಿದ್ದು ಇದೇ ಕಾರಣಕ್ಕೆ. ಈ ಕ್ಷೇತ್ರದಲ್ಲಿ ಅದಕ್ಕಿಂತ ವಿವೇಕದ ಕೆಲಸವನ್ನು ನಾನು ಕಂಡಿಲ್ಲ.

ಮುದ್ರಿತ ಸಂಗ್ರಹಗಳಲ್ಲಿ ನೀನು ಮೊದಲು ನೋಡಬೇಕಾದದ್ದು ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್‌ನದು. 1903ರ ಸಂಪುಟದಲ್ಲಿ 1850 ಮಟ್ಟುಗಳಿವೆ, 1907ರದ್ದರಲ್ಲಿ 1001. ಆದರೆ ಅಲ್ಲಿ ಒಂದು ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ಮಟ್ಟೂ ಇಲ್ಲವೆಂದು ತೀರ್ಮಾನಿಸಬೇಡ. ಹೆಸರು ಸಿಕ್ಕಿದ ಮಾತ್ರಕ್ಕೆ ಮಟ್ಟು ಅದೇ ಎಂದೂ ನಂಬಬೇಡ. ‘ಮಿಸ್ ಮೆಕ್ಲೌಡ್ಸ್’ ಎಂಬ ರೀಲ್ 1809ರ ಸುಮಾರಿಗೆ ಸ್ಕಾಟ್ಲೆಂಡಿನ ಗೌ ಮನೆತನದ ಸಂಗ್ರಹದಲ್ಲಿ ರಾಸೆ ದ್ವೀಪದ ಶ್ರೀಮತಿ ಮೆಕ್ಲೌಡ್ ಅವರ ಹೆಸರಿನಲ್ಲಿ ಅಚ್ಚಾಯಿತು. ಐರ್ಲೆಂಡಿಗೆ ಬಂದು ಆಕೆ ಕುಮಾರಿಯಾದಳು. ಅಮೆರಿಕದ ದಕ್ಷಿಣದಲ್ಲಿ ಅದೇ ಮಟ್ಟು ‘ಹಾಪ್ ಹೈ ಲೇಡೀಸ್’ ಎಂಬ ಹಾಡಾಯಿತು.

ಹಳೆಯ ತಟ್ಟೆಯೇನಾದರೂ ಕೈಗೆ ಸಿಕ್ಕಿದರೆ, ನಡುವಿನ ಕಾಗದದ ಬಳಿ ಅರಗಿನಲ್ಲೇ ಮೂಡಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು, ಅಂದರೆ ಆ ಧ್ವನಿಮುದ್ರಣದ ಗುರುತಿನ ಸಂಖ್ಯೆಯನ್ನು, ಬೆಳಕಿಗೆ ಓರೆಯಾಗಿ ಹಿಡಿದು ಓದಿ ಬರೆದುಕೋ. ಒಂದೇ ವಾದನವನ್ನು ಕಂಪನಿಗಳು ಬೇರೆ ಬೇರೆ ಕ್ರಮಸಂಖ್ಯೆಯಲ್ಲಿ ಮಾರಿದ್ದುಂಟು. ಆಗ ಎರಡೂ ಒಂದೇ ಎಂದು ಹೇಳುವುದು ಈ ಸಂಖ್ಯೆಯೇ.

ಇನ್ನು ನಿನ್ನ ಪುಸ್ತಕದಲ್ಲಿ ಏನು ಬರೆಯಬೇಕೆಂಬ ಪ್ರಶ್ನೆ. ತಲೆಬರಹಕ್ಕೆ ‘ಮಾರಿಸನ್ಸ್’ ಎಂದೇ ಇರಲಿ. ಜೊತೆಗೆ ನುಡಿಸುವವರಿಗೆ ತಿಳಿಯುವುದು ಆ ಹೆಸರೇ. ಕೆಳಗೆ 1936 ಎಂದೂ, ಮಾರಿಸ್ ಕಾರ್ಮಡಿ, ಕೆರ್ರಿ ಎಂದೂ ಸೇರಿಸು. ಎರಡನೆಯ ಭಾಗವನ್ನು ಅವಸರಪಡಿಸಬೇಡ. ಮುಂದಿನ ಪತ್ರದ ಜೊತೆ ನೀನು ನುಡಿಸಿದ್ದನ್ನೂ ಕಳುಹಿಸು.

ಇಂತಿ ನಿನ್ನ ಗೆಳೆಯ