ಸರ್ಚುವಿಗೆ ಹೊರಡುವ ಮುನ್ನ

ಮಗಳೇ, ಆಶೀರ್ವಾದಗಳು.

ಹೊಸ ಬೈಕ್ ಬಗ್ಗೆ, ಅದರಲ್ಲಿ ಗುಂಪಿನೊಂದಿಗೆ ಮನಾಲಿಯಿಂದ ಸರ್ಚು ಹಾದು ಲೇಹ್‌ಗೆ ಹೋಗುವ ಬಗ್ಗೆ ನೀನು ಬರೆದ ಎರಡು ಪುಟಗಳನ್ನೂ ಸಂತೋಷದಿಂದ ಓದಿದೆ. ಆದರೆ ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ತುರುಕಿದ ಆ ಸಾಲು ಮನಸ್ಸಿನಿಂದ ಹೋಗುತ್ತಿಲ್ಲ: "ನನ್ನಿಂದಾಗಿ ಗುಂಪೆಲ್ಲ ನಿಲ್ಲಬೇಕಾಗಿ ಬಂದರೆ ಎಂಬುದೊಂದೇ ಭಯ." ಬೀಳುವ ಭಯ ಎಂದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಬೀಳುವ ಭಯ ಇರುವವರು ನಿಧಾನವಾಗಿ ಓಡಿಸುತ್ತಾರೆ, ಅಷ್ಟೇ. ನಿನ್ನ ಭಯ ಬೇರೆ ಜಾತಿಯದು. ಎತ್ತರದ ಕಾಯಿಲೆಯ ಸೂಚನೆಯಾದ ತಲೆನೋವನ್ನೇ ಅದು ಬಚ್ಚಿಡಿಸುತ್ತದೆ.

ನಾವು ಹೋದಾಗ ಸುರಂಗ ಇರಲಿಲ್ಲ. ರೋಹ್ತಾಂಗ್ ಕಣಿವೆದಾರಿಯ ಕೆಸರಿನಲ್ಲಿ ತಳ್ಳುತ್ತಾ, ನಿಲ್ಲುತ್ತಾ ಲಾಹೌಲ್‌ಗೆ ಇಳಿಯುವಷ್ಟರಲ್ಲಿ ಎಲ್ಲರೂ ಸೋತು, ಅಲ್ಲೇ ತಂಗುತ್ತಿದ್ದರು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಒಂಬತ್ತು ಕಿಲೋಮೀಟರು ಬೆಟ್ಟದೊಳಗೇ ಹಾದುಹೋಗಬಹುದು. ಹಾಗಾಗಿ ಬೆಳಿಗ್ಗೆ ಮನಾಲಿ ಬಿಟ್ಟವರು ಸಂಜೆಗೆ ಸರ್ಚುವಿನ ಡೇರೆಯಲ್ಲಿರುತ್ತಾರೆ. ಸುಮಾರು 2,000 ಮೀಟರಿನಿಂದ 4,200ಕ್ಕೂ ಮೇಲಕ್ಕೆ, ಒಂದೇ ಹಗಲಿನಲ್ಲಿ. ಬೈಕ್ ಏರಿಬಿಡುತ್ತದೆ, ಇಂಧನ ಎಷ್ಟು ಬೇಕೆಂದು ಈಗಿನ ಎಂಜಿನ್ ತಾನೇ ಸರಿದೂಗಿಸಿಕೊಳ್ಳುತ್ತದೆ. ರಕ್ತಕ್ಕೆ ಹಾಗಾಗುವುದಿಲ್ಲ, ಮೇಲಿನ ತೆಳು ಗಾಳಿಗೆ ಹೊಂದಿಕೊಳ್ಳಲು ಅದಕ್ಕೆ ದಿನಗಳೇ ಬೇಕು.

ಸರ್ಚುವಿನ ತೊಡಕು ಇನ್ನೊಂದಿದೆ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಆದರೆ ಅಲ್ಲಿಂದ ಹಿಂದಕ್ಕೆ ಬರಬೇಕಾದರೆ ಸುಮಾರು 4,900 ಮೀಟರಿನ ಬಾರಾಲಾಚಾ ಲಾ ಎಂಬ ಕಣಿವೆದಾರಿ ಹತ್ತಬೇಕು. ಮುಂದಕ್ಕೆ ಹೋದರೆ ಗಾಟಾ ಲೂಪ್ಸ್‌ನ ತಿರುವುಗಳು, ಅವುಗಳಾಚೆ 5,000 ದಾಟಿದ ಲಾಚುಂಗ್ ಲಾ. ಎರಡೂ ಕಡೆ ಹತ್ತಿಯೇ ಇಳಿಯಬೇಕು. ಆದ್ದರಿಂದ 'ನನಗಾಗುತ್ತಿಲ್ಲ' ಎನ್ನುವ ಮಾತಿಗೆ ಜಾಗ ಸರ್ಚು ಅಲ್ಲ. ಅದಕ್ಕೂ ಮುಂಚೆ, ಬಾರಾಲಾಚಾದ ಈಚೆ ಕೆಳಗಿರುವ ಜಿಸ್ಪಾ ಊರಲ್ಲೇ ಅದು ಬಾಯಿಂದ ಹೊರಬರಬೇಕು.

ಅಂದು ನನ್ನ ಜೊತೆ ಬಂದಿದ್ದ ಸ್ನೇಹಿತನ ಬಾಯಿಂದ ಅದು ಬರಲಿಲ್ಲ. ಜಿಸ್ಪಾದಲ್ಲಿ ಅವನು ಊಟ ಬಿಟ್ಟ, ಬೇಗ ಮಲಗಿದ. ಸರ್ಚುವಿನಲ್ಲಿ ರಾತ್ರಿ ಡೇರೆಯಿಂದ ಹೊರಬಂದವನು ಕುಡಿದವನಂತೆ ತೂರಾಡಿದ. ಲಾರಿಯೊಂದನ್ನು ನಿಲ್ಲಿಸಿ ಅವನನ್ನು ಅದೇ ಬಾರಾಲಾಚಾದ ಮೇಲಿಂದ ಕತ್ತಲಲ್ಲೇ ಕೆಳಗೆ ಕರೆದೊಯ್ದೆವು. ಬದುಕಿದ. ಮನೆಗೆ ಮರಳಿದ ಮೇಲೆ ಮಾತ್ರ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ. ನಮ್ಮ ಪ್ರವಾಸ ಕೆಡಿಸಿದೆ ಎಂದು ಅವನ ಲೆಕ್ಕ. ಬೈಕ್ ಮಾರಿದ. ಒಂದು ರಾತ್ರಿಯ ತಲೆನೋವನ್ನೂ ಹೇಳಿಕೊಳ್ಳಲಾಗದಂಥ ಸ್ನೇಹ ನಮ್ಮದಾಗಿತ್ತೇ ಎಂಬುದು ಈಗಲೂ ನನ್ನನ್ನು ಕೊರೆಯುತ್ತದೆ. ಇದನ್ನು ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ.

ಬುದ್ಧಿವಾದ ಕೇಳಿ ನೀನು ಬರೆದವಳಲ್ಲ, ಗೊತ್ತು. ಆದರೂ ಜಿಸ್ಪಾದಲ್ಲೋ ಕೇಲಾಂಗ್‌ನಲ್ಲೋ ಎರಡು ರಾತ್ರಿ ಇದ್ದುಬಿಡಿ. ಎತ್ತರಕ್ಕೆ ಕೊಡುವ ಮಾತ್ರೆಯ ವಿಚಾರ ವೈದ್ಯರನ್ನು ಕೇಳು, ನನ್ನನ್ನಲ್ಲ. ಮಾತ್ರೆ ನುಂಗಿದರೂ ತಲೆನೋವು ಇರುವಾಗ ಇನ್ನೂ ಮೇಲಕ್ಕೆ ಹೋಗಬೇಡ. ಕೇಲಾಂಗ್‌ಗೆ ಮುಂಚೆ ಸಿಗುವ ತಾಂಡಿಯ ಪೆಟ್ರೋಲ್ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸುವುದನ್ನು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಮ ಕರಗಿ ಬರುವ ಹಳ್ಳಗಳು ಮಧ್ಯಾಹ್ನದ ಮೇಲೆ ಉಕ್ಕುತ್ತವೆ, ಬೆಳಿಗ್ಗೆಯೇ ದಾಟಿ. ನೀರಿನಲ್ಲಿ ಫಸ್ಟ್ ಗೇರ್, ಒಂದೇ ಸಮನಾದ ವೇಗ, ಕಣ್ಣು ಆಚೆ ದಡದ ಮೇಲೆ. ನನಗಿಂತ ಚೆನ್ನಾಗಿ ಓಡಿಸುವವಳಿಗೆ ಇದನ್ನೆಲ್ಲ ಬರೆಯಲು ಸಂಕೋಚವೇ.

ಮತ್ತೆ ಅಲ್ಲಿಗೇ ಬರುತ್ತೇನೆ. ಗುಂಪು ನಿಲ್ಲಬೇಕಾಗಿ ಬಂದರೆ ನಿಲ್ಲಲಿ. ಒಂದು ದಿನದ ಬಾಡಿಗೆ, ಒಂದು ದಿನದ ರಜೆ, ಇಬ್ಬರ ಮುನಿಸು. ಅದಕ್ಕಿಂತ ಹೆಚ್ಚಿಗೆ ಏನು ಹೋಗುತ್ತದೆ? ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಟ್ಟು ಉಳಿದವರು ಅವರ ವೇಗಕ್ಕೆ ಹೊಂದಿಕೊಳ್ಳುವ ಗುಂಪುಗಳೂ ಇವೆ. ನಿನ್ನದು ಅಂಥದ್ದೋ ಅಲ್ಲವೋ ಪತ್ರದಿಂದ ನನಗೆ ತಿಳಿಯಲಿಲ್ಲ.

ಹೊರಡುವ ಮೊದಲು ಆ ಸಾಲನ್ನು ಅವರೆದುರು ಒಮ್ಮೆ ಜೋರಾಗಿ ಓದು. ಯಾರಾದರೂ ನಕ್ಕರೆ ನನಗೆ ಬರೆ. ಶ್ರೀನಗರ, ಕಾರ್ಗಿಲ್ ಮೂಲಕವೂ ಲೇಹ್‌ಗೆ ದಾರಿ ಇದೆ, ಅದರ ಏರು ಇಷ್ಟು ಕಡಿದಲ್ಲ. ಆ ದಾರಿಯಲ್ಲಿ ಇನ್ನಾರ ಜೊತೆ ಹೋಗಬಹುದೆಂದು ಇಬ್ಬರೂ ಕೂತು ಯೋಚಿಸೋಣ.

ನಿನ್ನ ದೊಡ್ಡಪ್ಪ