ಶಿಕ್ಷೆಗೆ ಕೋಷ್ಟಕ ಬೇಡ, ಕಾರಣ ಬೇಕು

ಮಾನ್ಯ ಸಂಪಾದಕರೇ,

ಒಂದೇ ಅಪರಾಧಕ್ಕೆ ಒಬ್ಬ ನ್ಯಾಯಾಧೀಶರು ಒಂದು ಶಿಕ್ಷೆ ಕೊಡುತ್ತಾರೆ, ಇನ್ನೊಬ್ಬರು ಬೇರೆಯದೇ ಕೊಡುತ್ತಾರೆ, ಆದ್ದರಿಂದ ಈ ಕೆಲಸವನ್ನು ಕಂಪ್ಯೂಟರಿಗೆ ಬಿಡುವುದೇ ಒಳ್ಳೆಯದು ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದಾರೆ. ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರು ಹೇಳುವ ಮದ್ದನ್ನು ಮಾತ್ರ ಒಪ್ಪಲಾರೆ.

ಸಿಟ್ಟಿಗೆ ಕಾರಣ ಇದ್ದೇ ಇದೆ. ಬೆಂಗಳೂರಿನ ಶ್ರದ್ಧಾನಂದ ಪ್ರಕರಣ ಅನೇಕರಿಗೆ ನೆನಪಿರಬಹುದು. ಹೆಂಡತಿಯನ್ನು ಕೊಂದು ಮನೆಯ ಹಿತ್ತಲಲ್ಲೇ ಹೂತಿಟ್ಟಿದ್ದ. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ಕಡತ, ಅದೇ ಸಾಕ್ಷ್ಯ ನೋಡಿದರು. ಅವನೇ ತಪ್ಪಿತಸ್ಥ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಆದರೆ ಒಬ್ಬರು ಜೀವಾವಧಿ ಸಾಕು ಎಂದರು, ಇನ್ನೊಬ್ಬರು ಗಲ್ಲು ಎಂದರು. ಒಂದು ಜೀವ ಉಳಿಯುವುದು, ಹೋಗುವುದು ಯಾರ ಪೀಠದ ಮುಂದೆ ಕಡತ ಬಂತು ಎಂಬುದರ ಮೇಲೆ ನಿಂತರೆ ಯಾರಿಗಾದರೂ ಭಯ ಆಗಬೇಕು. ಗಲ್ಲು ಶಿಕ್ಷೆ ಸಂವಿಧಾನಕ್ಕೆ ಒಪ್ಪುತ್ತದೆ ಎಂದ 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೈಕಿ ನ್ಯಾಯಮೂರ್ತಿ ಭಗವತಿ ಒಬ್ಬರೇ ಬೇರೆ ನಿಂತದ್ದು ಈ ಭಯದಿಂದಲೇ.

ಹಾಗಂತ ನ್ಯಾಯಾಧೀಶರ ವಿವೇಚನೆಯನ್ನೇ ಕಿತ್ತುಹಾಕಿದರೆ? ಅದನ್ನೂ ಮಾಡಿ ನೋಡಿದ್ದೇವೆ. ಜೀವಾವಧಿ ಶಿಕ್ಷೆಯಲ್ಲಿರುವವನು ಕೊಲೆ ಮಾಡಿದರೆ ಗಲ್ಲು ಮಾತ್ರ ಎಂದು ಹಳೆಯ ದಂಡ ಸಂಹಿತೆಯಾದ ಐಪಿಸಿಯ 303ನೇ ಕಲಂ ಹೇಳುತ್ತಿತ್ತು. ಜೈಲಿನಲ್ಲಿ ಹೊಂಚು ಹಾಕಿ ಕೊಂದನೋ, ಪೆರೋಲ್ ಮೇಲೆ ಊರಿಗೆ ಬಂದಾಗ ಜಗಳದಲ್ಲಿ ಕೊಂದನೋ, ಕೇಳುವ ಹಾಗೇ ಇರಲಿಲ್ಲ. 1983ರಲ್ಲಿ ಮಿಟ್ಟು ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಕಲಮನ್ನು ರದ್ದು ಮಾಡಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 104ನೇ ಕಲಮಿನಲ್ಲಿ ಇದೇ ಅಪರಾಧಕ್ಕೆ ಗಲ್ಲು ಅಥವಾ ಸಾಯುವವರೆಗೆ ಸೆರೆ, ಎರಡೂ ಇವೆ. ಅಂದರೆ ಆರಿಸುವ ಕೆಲಸ ಮತ್ತೆ ನ್ಯಾಯಾಧೀಶರಿಗೇ ಬಂತು.

ಅಮೆರಿಕದಲ್ಲಿ 1987ರಿಂದ ಫೆಡರಲ್ ಕೋರ್ಟುಗಳಿಗೆ ಒಂದು ಕೋಷ್ಟಕ ಕೊಟ್ಟರು. ಅಪರಾಧದ 43 ಹಂತ, ದೋಷಿಯ ಹಳೆಯ ಕೇಸುಗಳ 6 ವರ್ಗ. ಎರಡೂ ಸೇರುವ ಮನೆಯಲ್ಲಿ ಎಷ್ಟು ತಿಂಗಳು ಎಂದು ಬರೆದಿರುತ್ತದೆ. ಕೊನೆಗೆ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದು ಕಡ್ಡಾಯವಲ್ಲ, ಸಲಹೆ ಮಾತ್ರ ಎಂದಿತು. ಇನ್ನು ಕಂಪ್ಯೂಟರ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಬ್ಬನಿಗೆ ಶಿಕ್ಷೆ ಕೊಡುವಾಗ, ಅವನು ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು ಎಂದು ಒಂದು ಕಂಪನಿಯ ಸಾಫ್ಟ್‌ವೇರ್ ಕೊಟ್ಟ ಅಂಕವನ್ನೂ ನೋಡಿದರು. ಲೆಕ್ಕ ಹೇಗೆ ಹಾಕಿದಿರಿ ಎಂದು ಅವನು ಕೇಳಿದರೆ, ಅದು ವ್ಯಾಪಾರದ ಗುಟ್ಟು. 2016ರಲ್ಲಿ ಆ ರಾಜ್ಯದ ಮೇಲಿನ ಕೋರ್ಟು ಕೆಲವು ಎಚ್ಚರಿಕೆ ಹೇಳಿ ಇದನ್ನು ಒಪ್ಪಿತು. ನನಗಂತೂ ಒಪ್ಪಲಾಗುತ್ತಿಲ್ಲ. ಕಾರಣ ಹೇಳದವರು ಮನುಷ್ಯನಾದರೇನು, ಯಂತ್ರವಾದರೇನು?

ನಾನು ಕಣ್ಣಾರೆ ಕಂಡ ಎರಡು ಕೇಸು ಹೇಳುತ್ತೇನೆ. ಎರಡೂ ಪಂಪ್‌ಸೆಟ್ ಕೇಬಲ್ ಕಳ್ಳತನ, ಎರಡಕ್ಕೂ ಆಗಿನ ಐಪಿಸಿಯ 379ನೇ ಕಲಂ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಒಬ್ಬ ಹುಡುಗ, ಮೊದಲ ಸಲ ಸಿಕ್ಕಿಬಿದ್ದವನು. ಇನ್ನೊಬ್ಬನಿಗೆ ಇದೇ ಕಸುಬು, ಹಿಂದೆ ಶಿಕ್ಷೆಯೂ ಆಗಿತ್ತು. ನ್ಯಾಯಾಧೀಶ ಸಾಹೇಬರು ಹುಡುಗನ ಬಗ್ಗೆ, ದೋಷಿಯ ಮನೆ, ನಡತೆ ವಿಚಾರಿಸುವ ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಿದರು. ಕೇಬಲ್ ಕಳೆದುಕೊಂಡ ರೈತನಿಂದ, ನೀರಿಲ್ಲದೆ ಎಷ್ಟು ಬೆಳೆ ಒಣಗಿತು ಎಂದು ಕೇಳಿ ತಿಳಿದರು. ಆಮೇಲೆ 1958ರ ಪ್ರೊಬೇಷನ್ ಕಾಯ್ದೆಯಂತೆ ಹುಡುಗನಿಂದ ಮುಚ್ಚಳಿಕೆ ಬರೆಸಿ, ರೈತನಿಗೆ ಪರಿಹಾರ ಕಟ್ಟಿಸಿ ಬಿಟ್ಟರು. ಇನ್ನೊಬ್ಬ ಜೈಲಿಗೆ ಹೋದ. ಕೋಷ್ಟಕದಲ್ಲಿ ಹಳೆಯ ಕೇಸಿಗೆ ಒಂದು ಮನೆ ಇರಬಹುದು. ಒಣಗಿದ ಬೆಳೆಗೆ, ಆ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಬಂದ ಗ್ಯಾರೇಜ್ ಮಾಲೀಕನಿಗೆ ಯಾವ ಮನೆ? ಮುಖ್ಯವಾಗಿ, ಎರಡೂ ತೀರ್ಪಿನಲ್ಲಿ ಯಾಕೆ ಹೀಗೆ ಎಂದು ಸಾಹೇಬರು ಬರೆದಿದ್ದರು. ನಕಲು ತೆಗೆಸಿ ಓದಬಹುದು, ಒಪ್ಪದಿದ್ದರೆ ಅಪೀಲು ಹೋಗಬಹುದು.

ತತ್ವಶಾಸ್ತ್ರದಲ್ಲಿ ಇದು ಹಳೆಯ ಪ್ರಶ್ನೆ ಎಂಬುದು ನಿವೃತ್ತಿಯ ನಂತರ ಓದಿ ತಿಳಿಯಿತು. ನಿಯಮ ಎಲ್ಲಿ ಹೊಂದುತ್ತದೆ ಎಂದು ಹೇಳಲು ಇನ್ನೊಂದು ನಿಯಮ ಬೇಕೆಂದರೆ, ಅದನ್ನು ಹೊಂದಿಸಲು ಮತ್ತೊಂದು ಬೇಕಾಗುತ್ತದೆ, ಅದಕ್ಕೆ ಕೊನೆಯೇ ಇಲ್ಲ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ ತೋರಿಸಿದ. ಎಲ್ಲೋ ಒಂದು ಕಡೆ ಒಬ್ಬ ಮನುಷ್ಯ ಎದುರಿಗಿರುವ ಸಂಗತಿ ನೋಡಿ ತೀರ್ಮಾನ ಮಾಡಲೇಬೇಕು. ಕಂಪ್ಯೂಟರ್ ತಂದರೂ ಯಾವುದಕ್ಕೆ ಎಷ್ಟು ತೂಕ ಎಂದು ಮೊದಲೇ ಯಾರೋ ತೀರ್ಮಾನ ಮಾಡಿಯೇ ಇರುತ್ತಾರೆ. ಅವರು ತೆರೆದ ಕೋರ್ಟಿನಲ್ಲಿ ಕೂತಿರುವುದಿಲ್ಲ, ಅಷ್ಟೇ.

ಶಿಕ್ಷೆಗೆ ಕಾರಣ ಕೇಳುವ ಈ ದಾರಿಯಲ್ಲಿ ನಮ್ಮ ಕಾನೂನು ಬಹಳ ದೂರ ನಡೆದಿದೆ. 1955ರವರೆಗೆ ಕೊಲೆಗೆ ಗಲ್ಲು ಕೊಡದಿದ್ದರೆ ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ತಿರುವಿ, ಗಲ್ಲು ಕೊಟ್ಟರೆ ವಿಶೇಷ ಕಾರಣ ಬರೆಯಿರಿ ಎಂದಿತು. ಶಿಕ್ಷೆಯ ಬಗ್ಗೆ ದೋಷಿಯ ಮಾತು ಕೇಳಬೇಕು ಎಂದೂ ಹೇಳಿತು. ಆದರೆ ಆಗುವುದೇನು? ತೀರ್ಪು ಓದಿದ ಮಧ್ಯಾಹ್ನವೇ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಏನಾದರೂ ಹೇಳುವುದಿದೆಯಾ ಎಂದು ಕೇಳುವುದು ನಡೆದೇ ಇದೆ. ಅವನು ಗಾಬರಿಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ಮಕ್ಕಳು ಚಿಕ್ಕವು ಎನ್ನುತ್ತಾನೆ. ಎಲ್ಲರೂ ಅದನ್ನೇ ಹೇಳುತ್ತಾರೆ, ನಾವು ಅದನ್ನೇ ಬರೆದುಕೊಳ್ಳುತ್ತೇವೆ. ಇಷ್ಟರಿಂದ ಯಾವ ನ್ಯಾಯಾಧೀಶರಿಗೆ ತಾನೇ ಒಬ್ಬ ಮನುಷ್ಯ ಅರ್ಥವಾದಾನು?

ದೋಷಿ ಎಂದ ಮೇಲೆ ಶಿಕ್ಷೆಗೆ ಬೇರೆ ದಿನ ಇಡುವುದು ಸಾಮಾನ್ಯ ಪದ್ಧತಿಯಾಗಬೇಕು ಎಂದು ಸುಪ್ರೀಂ ಕೋರ್ಟು 1989ರ ಅಲ್ಲಾವುದ್ದೀನ್ ಮಿಯಾನ್ ಪ್ರಕರಣದಲ್ಲೇ ಹೇಳಿದೆ. ಅದನ್ನು ತಾಲ್ಲೂಕು ಕೋರ್ಟಿನವರೆಗೆ ಜಾರಿಗೆ ತನ್ನಿ. ಪ್ರೊಬೇಷನ್ ಅಧಿಕಾರಿಗಳ ಸಂಖ್ಯೆ ಜಾಸ್ತಿ ಮಾಡಿ. ಕಂಪ್ಯೂಟರಿಗೆ ಹಾಕುವ ದುಡ್ಡನ್ನು ಮೊದಲು ಇದಕ್ಕೆ ಹಾಕಿ ಎಂದು ಸರ್ಕಾರಕ್ಕೂ ಹೈಕೋರ್ಟಿಗೂ ನನ್ನ ಮನವಿ.

– ನಿವೃತ್ತ ಬೆಂಚ್ ಕ್ಲರ್ಕ್, ತುಮಕೂರು