ಪೆಟ್ಟಿಗೆ ಬೇಡ, ಹಲಗೆ ಸಾಕು

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವೂ ಅಮ್ಮನೂ ತಮ್ಮನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ನಾನು ಮಾಡಿದ ಸ್ಪೀಕರಿನ ಫೋಟೊ ನೋಡಿದವರೇ ನೀವು ಕೇಳಿದ್ದು ಒಂದೇ ಮಾತು: "ಹಿಂದುಗಡೆ ಮುಚ್ಚೋದು ಯಾವಾಗ?" ಮುಚ್ಚುವುದಿಲ್ಲ ಅಪ್ಪ. ಆ ಸ್ಪೀಕರ್ ಇರುವುದೇ ಹಾಗೆ. ಒಂದು ಹಲಗೆ, ಅದರಲ್ಲೊಂದು ದುಂಡನೆಯ ತೂತು, ತೂತಿಗೆ ಕೂರಿಸಿದ, ತಗ್ಗಿನಿಂದ ಎತ್ತರದವರೆಗೆ ಎಲ್ಲ ಸ್ವರಗಳನ್ನೂ ತಾನೊಂದೇ ಹೊರಡಿಸುವ ಎಂಟಿಂಚಿನ ಫುಲ್‌ರೇಂಜ್ ಡ್ರೈವರ್. ಇದಕ್ಕೆ ಓಪನ್ ಬ್ಯಾಫಲ್ ಅನ್ನುತ್ತಾರೆ. ಫೋನಿನಲ್ಲಿ ವಿವರಿಸಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನನಗೊಂದು ಆಸೆಯೂ ಇದೆ. ನೀವೂ ತಮ್ಮನೂ ಸೇರಿ ಇಂಥದೊಂದು ಜೋಡಿ ಮಾಡಬೇಕು. ಮರದ ಕೆಲಸ ನಿಮ್ಮ ಕೈಗೆ ಒಲಿದಿದೆ, ಸೋಲ್ಡರಿಂಗ್ ಅವನಿಗೆ ಬರುತ್ತದೆ. ಲೆಕ್ಕಾಚಾರ ನನಗಿರಲಿ.

ನಮ್ಮ ಹಳೆಯ ವಾಲ್ವ್ ರೇಡಿಯೊ ನೆನಪು ಮಾಡಿಕೊಳ್ಳಿ. ಅದರ ಬೆನ್ನಿಗಿದ್ದದ್ದು ತೂತುತೂತಾದ ಒಂದು ರಟ್ಟು. ವಾಲ್ವ್‌ಗಳ ಬಿಸಿ ಹೊರಹೋಗಲೆಂದು ಕೊರೆದ ಆ ತೂತುಗಳಿಂದ ಸ್ಪೀಕರಿನ ಹಿಂಬದಿಯ ದನಿಯೂ ಹೊರಗೆ ಬರುತ್ತಿತ್ತು. ಅಂದರೆ ಅದೂ ಓಪನ್ ಬ್ಯಾಫಲ್ಲೇ. ಈಗ ಮನೆಮನೆಯಲ್ಲಿರುವ, ಲಾಳಿಕೆಯಾಕಾರದ ಕಾಗದ ಅದುರಿ ದನಿ ಕೊಡುವ ಕೋನ್ ಸ್ಪೀಕರಿನ ವಿನ್ಯಾಸವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ್ದು 1925ರಲ್ಲಿ. ಕೋನಿನ ಸುತ್ತ ಒಂದು ಹಲಗೆ ಬೇಕು ಅನ್ನುವುದು ಆಗಲೇ ಗೊತ್ತಿತ್ತು. ಗಾಳಿಯಾಡದಂತೆ ಬಿಗಿದ ಪುಟ್ಟ ಪೆಟ್ಟಿಗೆಯಿಂದಲೂ ಒಳ್ಳೆಯ ಬೇಸ್ ತೆಗೆಯಬಹುದೆಂದು ಎಡ್ಗರ್ ವಿಲ್ಚರ್ ಎಆರ್-1 ಮಾಡಿ ತೋರಿಸಿದ್ದು 1954ರಲ್ಲಿ. ಅಲ್ಲಿಂದೀಚೆಗೆ ಪೆಟ್ಟಿಗೆಯನ್ನೇ ಸ್ಪೀಕರ್ ಅಂದುಕೊಂಡೆವು.

ಹಲಗೆ ಯಾಕೆ ಬೇಕು ಅಂದರೆ, ಕೋನ್ ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಮುಂದಿನ ದನಿಗೂ ಹಿಂದಿನ ದನಿಗೂ ಪಕ್ಕಾ ವಿರೋಧ. ಅವೆರಡೂ ಸಂಧಿಸಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ತಗ್ಗು ಸ್ವರಗಳ ಅಲೆ ಬಲು ಉದ್ದ, ಸೆಕೆಂಡಿಗೆ ನೂರು ಸಲ ಅದುರುವ 100 ಹರ್ಟ್ಸ್‌ಗೆ ಸುಮಾರು 3.4 ಮೀಟರ್, 50 ಹರ್ಟ್ಸ್‌ಗೆ ಹತ್ತಿರಹತ್ತಿರ 7 ಮೀಟರ್. ಅಂಥ ಅಲೆಗೆ ಡ್ರೈವರಿನ ಅಂಚನ್ನು ಬಳಸಿಕೊಂಡು ಮುಂದಕ್ಕೆ ಬರುವುದು ದೊಡ್ಡದಲ್ಲ. ಡ್ರೈವರ್ ಕೈಗೆ ಬಂದ ದಿನ ತಮ್ಮನಿಗೊಂದು ಪ್ರಯೋಗ ತೋರಿಸಿ. ಬರಿಯ ಡ್ರೈವರನ್ನು ಕೈಯಲ್ಲಿ ಹಿಡಿದು ಸಣ್ಣ ದನಿಯಲ್ಲಿ ಹಾಡು ಹಾಕಿದರೆ ತೆಳ್ಳಗೆ, ಕೀರಲಾಗಿ ಕೇಳುತ್ತದೆ. ದೊಡ್ಡದೊಂದು ರಟ್ಟಿನಲ್ಲಿ ಅಳತೆಗೆ ಸರಿಯಾಗಿ ತೂತು ಕತ್ತರಿಸಿ ಅದಕ್ಕೆ ಒತ್ತಿ ಹಿಡಿದರೆ ಹಾಡುವವರಿಗೆ ಒಮ್ಮೆಲೇ ಎದೆ, ಹೊಟ್ಟೆ ಎಲ್ಲ ಬಂದುಬಿಡುತ್ತದೆ. ವಿದ್ಯುತ್ತು ಹೆಚ್ಚಾಗಲಿಲ್ಲ, ಹಿಂದಿನ ದನಿಗೆ ಸುತ್ತುದಾರಿ ಹೆಚ್ಚಾಯಿತು ಅಷ್ಟೆ.

ಆ ಸುತ್ತುದಾರಿಯೇ ಇಡೀ ವಿದ್ಯೆಯ ಮೂಲ. ಹಲಗೆ 60 ಸೆಂಟಿಮೀಟರ್ ಅಗಲವಿದ್ದರೆ ಹಿಂದಿನ ದನಿ ಸುಮಾರು 30 ಸೆಂಟಿಮೀಟರ್ ಹೆಚ್ಚು ನಡೆದು ಮುಂದಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. 570 ಹರ್ಟ್ಸ್ ಆಸುಪಾಸಿನಲ್ಲಿ ಈ 30 ಸೆಂಟಿಮೀಟರ್ ಅರ್ಧ ಅಲೆಗೆ ಸಮ. ಅಲ್ಲಿ ಎರಡು ದನಿಗಳು ಜಗಳ ಬಿಟ್ಟು ಕೂಡಿಕೊಳ್ಳುತ್ತವೆ, ದನಿ ಏರುತ್ತದೆ. 190 ಹರ್ಟ್ಸ್‌ಗೆ ಇಳಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕೂ ಕೆಳಗೆ ಒಂದೊಂದು ಆಕ್ಟೇವ್ ಇಳಿದಂತೆ, ಅಂದರೆ ಹರ್ಟ್ಸ್ ಅರ್ಧವಾದಂತೆಲ್ಲ, 6 ಡೆಸಿಬೆಲ್ ಕಳೆದುಕೊಳ್ಳುತ್ತಾ ಹೋಗುತ್ತೇವೆ. ಹಲಗೆಯ ಅಗಲ ಎರಡರಷ್ಟಾದರೆ ಈ ಹರ್ಟ್ಸ್ ಅಂಕಿಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ. ಬಾಗಿಲಿನಷ್ಟು ಹಲಗೆ ಇಡಲು ಜಾಗ ಇರುವವರಿಗೆ ಬೇರೆ ಉಪಾಯವೇ ಬೇಡ. ಜಾಗ ಇಲ್ಲದವರು ಹಲಗೆಯ ಎರಡೂ ಬದಿಗೆ ಹಿಂದಕ್ಕೆ ರೆಕ್ಕೆ ಕಟ್ಟುತ್ತಾರೆ. ರೆಕ್ಕೆ ಗಿಡ್ಡವಿದ್ದಷ್ಟೂ ಒಳ್ಳೆಯದು, ಆಳ ಹೆಚ್ಚಿದರೆ ಹಿಂದೆ ಒಂದು ಕೊಳವೆಯಾಗಿ ಅದೇ ಗುಂಯ್‌ಗುಡಲು ಶುರುವಾಗುತ್ತದೆ. ನನ್ನವಕ್ಕೆ ಒಂದು ಗೇಣಿಗೂ ಕಡಿಮೆ ಇಟ್ಟಿದ್ದೇನೆ.

ಇನ್ನೊಂದು ಮಾತು. ತೂತನ್ನು ಹಲಗೆಯ ನಟ್ಟನಡುವೆ ಕೊರೆಯಬೇಡಿ. ನಡುವಿದ್ದರೆ ಎಡಕ್ಕೂ ಬಲಕ್ಕೂ ಒಂದೇ ದೂರವಾಗಿ, ಅಳಿಸಿಹೋಗುವ ಸ್ವರವೂ ಒಂದೇ ಕಡೆ ಬಂದು ಗುಳಿ ಬೀಳುತ್ತದೆ. ಸ್ವಲ್ಪ ಒಂದು ಪಕ್ಕಕ್ಕೆ ಸರಿಸಿದರೆ ಆ ಗುಳಿ ಹರಡಿಕೊಂಡು ಕಿವಿಗೆ ಗೊತ್ತಾಗದಷ್ಟಾಗುತ್ತದೆ. ಎಡದ ಹಲಗೆ, ಬಲದ ಹಲಗೆ ಎರಡೂ ಒಂದಕ್ಕೊಂದು ಕನ್ನಡಿಯಲ್ಲಿ ನೋಡಿದಂತಿರಬೇಕು. ಹಲಗೆಗಳನ್ನು ಜೋಡಿಸಿಟ್ಟು, ಎರಡಕ್ಕೂ ಗುರುತು ಹಾಕಿ, ಆಮೇಲೆ ಗರಗಸ ಮುಟ್ಟಿ.

ಬೇಸ್ ಇಷ್ಟು ಸೋರಿಹೋಗುವಾಗ ಇದರ ಹಿಂದೆ ಯಾಕೆ ಬಿದ್ದೆ ಎಂದು ಕೇಳುತ್ತೀರಿ. ಪೆಟ್ಟಿಗೆಯೊಳಗೆ ಏನಾಗುತ್ತದೆ ನೋಡಿ. ಕೋನ್ ಮುಂದಕ್ಕೆ ಕೊಡುವಷ್ಟೇ ದನಿಯನ್ನು ಹಿಂದಕ್ಕೂ ಕೊಡುತ್ತದೆ. ಅದು ಗೋಡೆಯಿಂದ ಗೋಡೆಗೆ ಬಡಿದು, ಹತ್ತಿಯಲ್ಲಿ ಸ್ವಲ್ಪ ಇಂಗಿ, ಉಳಿದದ್ದು ಆ ತೆಳ್ಳನೆಯ ಕಾಗದದ ಕೋನಿನ ಮೂಲಕವೇ ತಡವಾಗಿ ಹೊರಗೆ ಬರುತ್ತದೆ. ಪೆಟ್ಟಿಗೆಯ ಹಲಗೆಗಳೂ ತಮ್ಮ ಪಾಲಿಗೆ ಅದುರುತ್ತವೆ. ಅದಕ್ಕೇ ಎಷ್ಟೋ ಸ್ಪೀಕರುಗಳಲ್ಲಿ ಗಂಡಸಿನ ದನಿ ಮಡಕೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುವುದು. ಹಿಂಬದಿ ಬಯಲಾದರೆ ಆ ದೋಷಕ್ಕೆ ಆಸ್ಪದವೇ ಇಲ್ಲ. ತಂಬೂರಿ ಹಾಕಿ ಕೇಳಿ ಅಪ್ಪ, ಮೀಟಿದ ತಂತಿಯ ನಾದ ಕರಗುತ್ತಾ ಹೋಗುವಾಗ ಕೊನೆಯ ಎಳೆ ಇದ್ದಕ್ಕಿದ್ದಂತೆ ಮಸುಕಾಗುವುದಿಲ್ಲ, ಇರುವಷ್ಟು ಹೊತ್ತೂ ಸ್ವಚ್ಛವಾಗಿ ಇರುತ್ತದೆ. ನಾನು ಈ ಕೆಲಸಕ್ಕೆ ಕೈಹಾಕಿದ್ದು ಅದೊಂದಕ್ಕಾಗಿ.

ಕೋಣೆಯ ಮಟ್ಟಿಗೂ ಒಂದು ಅನುಕೂಲವಿದೆ. ಓಪನ್ ಬ್ಯಾಫಲ್ ಮುಂದಕ್ಕೆ ಮತ್ತು ಹಿಂದಕ್ಕೆ ದನಿ ಕೊಡುತ್ತದೆ, ಪಕ್ಕಕ್ಕೆ ಕೊಡುವುದು ಅತಿ ಕಡಿಮೆ. ಮೇಲಿಂದ ನೋಡಿದರೆ ಅದರ ಹರಡುವಿಕೆ ಇಂಗ್ಲಿಷಿನ 8ರ ಆಕಾರ. ಎದುರು ಕುಳಿತವರಿಗೆ ಅಷ್ಟೇ ದನಿ ಕೇಳಿಸಲು, ಎಲ್ಲ ದಿಕ್ಕಿಗೂ ಸಮನಾಗಿ ದನಿ ಚೆಲ್ಲುವ ಸ್ಪೀಕರಿನ ಮೂರನೇ ಒಂದು ಪಾಲು ಶಕ್ತಿಯನ್ನು ಮಾತ್ರ ಇದು ಕೋಣೆಗೆ ಸುರಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 4.8 ಕಡಿಮೆ. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಎಂಬ ಎಂಜಿನಿಯರ್ ಇದನ್ನೇ ಹಿಡಿದು ವರ್ಷಗಟ್ಟಲೆ ದುಡಿದರು. ರಸೆಲ್ ರೈಲಿ ಜೊತೆ ಸೇರಿ ಅವರು ರೂಪಿಸಿದ, ಸ್ವರಗಳನ್ನು ಬೇರೆಬೇರೆ ಡ್ರೈವರುಗಳಿಗೆ ಹಂಚುವ ಕ್ರಾಸ್‌ಓವರ್ ಇಂದಿಗೂ ಇಬ್ಬರ ಹೆಸರಿನಲ್ಲೇ ಬಳಕೆಯಲ್ಲಿದೆ. ಲಿಂಕ್‌ವಿಟ್ಸ್ 2018ರಲ್ಲಿ ತೀರಿಕೊಂಡರು. ಓರಿಯನ್, ಎಲ್‌ಎಕ್ಸ್521 ಎಂಬ ಅವರ ಓಪನ್ ಬ್ಯಾಫಲ್‌ಗಳನ್ನು ಜನ ಮನೆಯಲ್ಲೇ ಕಟ್ಟಿಕೊಂಡಿದ್ದಾರೆ. ಅವರದ್ದು ಹಲವು ಡ್ರೈವರುಗಳ ದಾರಿ, ನನ್ನದು ಒಂದೇ ಡ್ರೈವರಿನ ಸರಳ ದಾರಿ. ಹಿಂಬದಿಯ ದನಿಯ ಬಗ್ಗೆ ನಾನು ಕಲಿತದ್ದು ಮಾತ್ರ ಅವರ ಬರಹಗಳಿಂದಲೇ.

ಒಂದೇ ಡ್ರೈವರ್ ಯಾಕೆ ಅಂದರೆ, ಮನುಷ್ಯನ ದನಿ ಇರುವ ಜಾಗದಲ್ಲಿ ಕ್ರಾಸ್‌ಓವರ್ ಬಂದು ತಗ್ಗು ಸ್ವರದ ವೂಫರಿಗೆ ಅರ್ಧ, ಎತ್ತರದ ಸ್ವರದ ಟ್ವೀಟರಿಗೆ ಅರ್ಧ ಹಂಚುವುದು ನನಗೆ ಹಿಡಿಸುವುದಿಲ್ಲ. ಫುಲ್‌ರೇಂಜಿನಲ್ಲಿ ಹಾಡುಗಾರ ಇಡಿಯಾಗಿ ಒಂದೇ ಕಡೆಯಿಂದ ಕೇಳಿಸುತ್ತಾನೆ. ಹಾಗೆಂದು ಕೊರತೆ ಇಲ್ಲವೆಂದಲ್ಲ. ಎಂಟಿಂಚಿನ ಕೋನ್ 2,000 ಹರ್ಟ್ಸ್ ದಾಟಿದ ಮೇಲೆ ದನಿಯನ್ನು ಟಾರ್ಚ್ ಬೆಳಕಿನಂತೆ ನೇರಕ್ಕೆ ಬಿಡತೊಡಗುತ್ತದೆ, ಪಕ್ಕದಲ್ಲಿ ಕುಳಿತವರಿಗೆ ತಾಳದ ಕಿಣಿಕಿಣಿ ಕಡಿಮೆ. ಎಲ್ಲ ಕುರ್ಚಿಗಳಲ್ಲೂ ಒಂದೇ ಥರ ಕೇಳಬೇಕು ಎನ್ನುವವರಿಗೆ ಇದು ಸರಿಹೋಗದು.

ಡ್ರೈವರ್ ಆರಿಸುವಾಗ ತಮ್ಮನು ಬೆಲೆಯನ್ನೂ ಬ್ರಾಂಡನ್ನೂ ನೋಡುವ ಮೊದಲು ಡೇಟಾಶೀಟಿನಲ್ಲಿ ಕ್ಯೂಟಿಎಸ್ ಎಂಬ ಅಂಕಿ ಹುಡುಕಲಿ. ಅನುರಣನದ ಆವರ್ತನದಲ್ಲಿ, ಅಂದರೆ ಕೋನ್ ತಾನಾಗಿಯೇ ಅದುರಬಯಸುವ ಸ್ವರದಲ್ಲಿ, ಕೋನನ್ನು ಮ್ಯಾಗ್ನೆಟ್ಟು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂಬುದನ್ನು ಅದು ಹೇಳುತ್ತದೆ. 0.3 ಇದ್ದರೆ ಹಿಡಿತ ಬಿಗಿ, ಆ ಆವರ್ತನ ತಲುಪುವ ಹೊತ್ತಿಗೆ ಡ್ರೈವರಿನ ದನಿ 10 ಡೆಸಿಬೆಲ್ ಕುಸಿದಿರುತ್ತದೆ. ಹಲಗೆಯ ನಷ್ಟ ಅದರ ಮೇಲೆ. 0.7 ಇದ್ದರೆ ಕುಸಿತ 3 ಡೆಸಿಬೆಲ್, 1 ಇದ್ದರೆ ಕುಸಿತವೇ ಇಲ್ಲ. ನಮಗೆ ಬೇಕಾದದ್ದು 0.7ರಿಂದ ಮೇಲಿನದು. ಫಾಸ್ಟೆಕ್ಸ್ ಎಫ್‌ಇ206 ಸಾಲಿನವು ಬಹಳ ಹೆಸರು ಮಾಡಿವೆ, ಆದರೆ ಅವುಗಳ ಕ್ಯೂಟಿಎಸ್ 0.2ರ ಹತ್ತಿರ. ಅವು ಹಾರ್ನಿಗೆ, ಅಂದರೆ ಕಹಳೆಯಂತೆ ಅಗಲವಾಗುತ್ತಾ ಹೋಗುವ ಪೆಟ್ಟಿಗೆಗೆ, ಹುಟ್ಟಿದವು, ಬರಿಯ ಹಲಗೆಗೆ ಹಾಕಿದರೆ ಬೇಸ್ ಇರುವುದೇ ಇಲ್ಲ. ದೊಡ್ಡ ಮ್ಯಾಗ್ನೆಟ್ ಇದ್ದರೆ ದೊಡ್ಡ ಬೇಸ್ ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಇನ್ನು ನಿಮ್ಮ ಕೆಲಸ. 18 ಮಿಲಿಮೀಟರ್ ಪ್ಲೈವುಡ್ ಸಾಕು. ಎಂಡಿಎಫ್ ಕೂಡ ಆಗುತ್ತದೆ, ಆದರೆ ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀವು ಮಾಸ್ಕ್ ಹಾಕುವುದಿಲ್ಲವೆಂದು ಗೊತ್ತಿರುವುದರಿಂದ ಪ್ಲೈವುಡ್ಡೇ ಇರಲಿ. ತೂತಿನ ಅಳತೆಯನ್ನು ಡ್ರೈವರ್ ಕೈಗೆ ಬಂದ ಮೇಲೆ ಅದರಿಂದಲೇ ತೆಗೆದುಕೊಳ್ಳಿ. ಕೊರೆದಾದ ಮೇಲೆ ಹಿಂಬದಿಯ ಅಂಚನ್ನು ಉಳಿಯಿಂದಲೋ ರೂಟರಿನಿಂದಲೋ ಓರೆಯಾಗಿ ಕೆತ್ತಿ. ಇದನ್ನು ಬಿಡಲೇಬೇಡಿ. ಹಲಗೆಯ ದಪ್ಪವೆಲ್ಲ ಡ್ರೈವರಿನ ಬೆನ್ನಿಗೆ ಒಂದು ಸುರಂಗವಾಗುತ್ತದೆ, ಅಂಚು ಕೆತ್ತಿದರೆ ಕೋನ್ ಸರಾಗ ಉಸಿರಾಡುತ್ತದೆ. ಡ್ರೈವರ್ ಕೂರಿಸುವ ಮೊದಲು ಮರದ ಪುಡಿಯನ್ನೆಲ್ಲ ಒರೆಸಿ ತೆಗೆಯಿರಿ. ಸ್ಕ್ರೂ ಬಿಗಿಯುವಾಗ ಕೋನಿನ ಮೇಲೊಂದು ರಟ್ಟು ಮುಚ್ಚಿಟ್ಟುಕೊಳ್ಳಿ. ಮ್ಯಾಗ್ನೆಟ್ಟಿನ ಸೆಳೆತಕ್ಕೆ ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಕಾಗದ ಹರಿದುಹೋಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ತಂತಿ ಹಾಕುವ ಮೊದಲು ತಮ್ಮನು 1.5 ವೋಲ್ಟಿನ ಸೆಲ್ ಒಂದನ್ನು ಕ್ಷಣ ಮುಟ್ಟಿಸಿ ನೋಡಲಿ. ಸೆಲ್ಲಿನ ಪ್ಲಸ್ಸು ಡ್ರೈವರಿನ ಪ್ಲಸ್ಸಿಗೆ ತಾಗಿದಾಗ ಕೋನ್ ಮುಂದಕ್ಕೆ ಜಿಗಿಯಬೇಕು, ಎರಡೂ ಹಲಗೆಗಳಲ್ಲಿ ಒಂದೇ ಥರ.

ಕಾಲಿನ ಬಗ್ಗೆ ಜೋಪಾನ. ಡ್ರೈವರಿನ ಭಾರವೆಲ್ಲ ಹಿಂದಕ್ಕಿರುವುದರಿಂದ ಹಲಗೆ ಹಿಂದಕ್ಕೆ ವಾಲುತ್ತದೆ. ಹಿಂದೆ ಉದ್ದನೆಯ ಊರುಗಾಲು ಕೊಟ್ಟು, ಬುಡಕ್ಕೆ ತೂಕವಿಡಿ.

ಮೊದಲ ದಿನ ಕೇಳಿದಾಗ ದನಿ ಸ್ವಲ್ಪ ಮುಖಕ್ಕೆ ಹೊಡೆದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ತಗ್ಗು ಸ್ವರ ಸೋರಿದೆ, ಮಧ್ಯ ಸ್ವರ ಹಾಗೇ ಉಳಿದಿದೆ. 8 ಓಂ ಡ್ರೈವರಾದರೆ 2 ಮಿಲಿಹೆನ್ರಿ ಕಾಯಿಲ್ ಮತ್ತು 8 ಓಂ, 10 ವಾಟಿನ ರೆಸಿಸ್ಟರ್ ಎರಡನ್ನೂ ಪ್ಯಾರಲಲ್ಲಾಗಿ ಜೋಡಿಸಿ, ಆ ಜೋಡಿಯನ್ನು ಡ್ರೈವರಿನ ಪ್ಲಸ್ ತಂತಿಯ ದಾರಿಯಲ್ಲಿ ಸೇರಿಸಲಿ. ತಗ್ಗು ಸ್ವರ ಕಾಯಿಲಿನ ಮೂಲಕ ಸಲೀಸಾಗಿ ಹೋಗುತ್ತದೆ. ಸುಮಾರು 300 ಹರ್ಟ್ಸ್‌ನಿಂದ ಮೇಲಕ್ಕೆ ದನಿ ಮೆಲ್ಲಗೆ ಇಳಿದು, ಹೆಚ್ಚೆಂದರೆ 6 ಡೆಸಿಬೆಲ್ ತಗ್ಗುತ್ತದೆ. ಅಷ್ಟು ಬೇಡವೆನ್ನಿಸಿದರೆ ರೆಸಿಸ್ಟರ್ 4 ಓಂಗೆ ಇಳಿಸಬಹುದು. ಇದಕ್ಕೆ ಕಿವಿಯೇ ಪ್ರಮಾಣ, ಒಂದೊಂದು ಬದಲಾವಣೆಯ ಜೊತೆ ಕೆಲವು ದಿನ ಇದ್ದು ನೋಡಿ.

ಟೋನ್ ಕಂಟ್ರೋಲಿನಲ್ಲಿ ಬೇಸ್ ತಿರುಗಿಸಿ ಸರಿಮಾಡಲು ತಮ್ಮನನ್ನು ಬಿಡಬೇಡಿ. ಬಯಲು ಹಲಗೆಯಲ್ಲಿ ಒಂದು ಆಕ್ಟೇವ್ ಕೆಳಗೆ ಅಷ್ಟೇ ದನಿ ಬೇಕೆಂದರೆ ಕೋನ್ ಎಂಟು ಪಟ್ಟು ದೂರ ಆಡಬೇಕು. ಫುಲ್‌ರೇಂಜ್ ಡ್ರೈವರಿಗೆ ಇರುವ ಆಟವೇ ಕೆಲವು ಮಿಲಿಮೀಟರ್. ನಿಜವಾಗಿ ಬೇಸ್ ಬೇಕಾದರೆ ಅದೇ ಹಲಗೆಯ ಕೆಳಗೆ 15 ಇಂಚಿನ ವೂಫರ್ ಒಂದನ್ನು ಹಾಕಿ, ಬೇರೆ ಆಂಪ್ಲಿಫೈಯರಿನಿಂದ 200 ಹರ್ಟ್ಸ್ ಕೆಳಗಿನದನ್ನು ಮಾತ್ರ ಅದಕ್ಕೆ ಕೊಡುವುದು ಸರಿಯಾದ ದಾರಿ. ಎಮಿನೆನ್ಸ್ ಆಲ್ಫಾ 15ಎ ಇದಕ್ಕೆ ಬಹಳ ಜನ ಬಳಸುವ ವೂಫರ್, ಅದರ ಕ್ಯೂಟಿಎಸ್ 1.26. ಹಲಗೆ ಕೊರೆಯುವಾಗಲೇ ಕೆಳಗೆ ಅದಕ್ಕೆ ಜಾಗ ಬಿಟ್ಟಿರಿ, ತೂತು ಆಮೇಲೆ ನೋಡಿಕೊಳ್ಳೋಣ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅಮ್ಮನ ಹತ್ತಿರ ಕೇಳಬೇಕು. ಈ ಹಲಗೆಗಳು ಹಿಂದಿನ ಗೋಡೆಯಿಂದ ಒಂದು ಮೀಟರ್ ಆದರೂ ಮುಂದಕ್ಕೆ ನಿಲ್ಲಬೇಕು. ಆಗ ಗೋಡೆಗೆ ಬಡಿದು ಬರುವ ದನಿ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಕಿವಿ ತಲುಪುತ್ತದೆ, ಹಾಡಿನ ಹಿಂದೆ ಒಂದು ಆಳ ಕಾಣಿಸುತ್ತದೆ. ಗೋಡೆಗೆ ಒರಗಿಸಿಟ್ಟರೆ ಈ ಶ್ರಮಕ್ಕೆಲ್ಲ ಅರ್ಥವಿಲ್ಲ. ಪಕ್ಕದ ಗೋಡೆ ಹತ್ತಿರವಿದ್ದರೆ ಅಷ್ಟು ತೊಂದರೆಯಿಲ್ಲ. ನಡುಮನೆಯಲ್ಲಿ ಅಷ್ಟು ಜಾಗ ಬಿಟ್ಟುಕೊಡಲು ಅಮ್ಮ ಒಪ್ಪಿದರೆ, ಎರಡು ಹಲಗೆಗಳ ನಡುವಿನ ದೂರ, ಅಲ್ಲಿಂದ ನಿಮ್ಮ ಕುರ್ಚಿಗೆ ಇರುವ ದೂರ, ಗೋಡೆಯಿಂದ ಗೋಡೆಗೆ ಅಗಲ, ಇಷ್ಟನ್ನು ಟೇಪ್ ಹಿಡಿದು ಅಳೆದು ತಮ್ಮನ ಕೈಲಿ ಬರೆಸಿ ಕಳಿಸಿ. ಆ ಅಳತೆಗೆ ತಕ್ಕಂತೆ ಹಲಗೆಯ ಅಗಲ, ತೂತಿನ ಜಾಗ ಎಲ್ಲ ಲೆಕ್ಕ ಹಾಕಿ ನಕ್ಷೆ ಕಳಿಸುತ್ತೇನೆ. ಪ್ಲೈವುಡ್ ಅಲ್ಲಿಯವರೆಗೆ ತರಬೇಡಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಪ್ರೀತಿ.

ಇತಿ ನಿಮ್ಮ ಮಗಳು